ಚಿಲಕ ಹಾಕಿದ ಮೇಲಿನ ಏಳು ನಿಮಿಷ: ಕಲಬುರಗಿಯ ಒಂದು ನಾಟಕ ಸಾಮಾನು ಅಂಗಡಿಯ ‘ಪೂರಾ ಸೆಟ್’ ಹೇಗಿದೆ?

ಜಾತ್ರೆ ನಾಟಕಕ್ಕೆ ಸಾಮಾನು ಬಾಡಿಗೆ ಕೊಡುವ ಅಂಗಡಿಯನ್ನು ನಮ್ಮ ಕಡೆ ಗೌಡನ ದರ್ಬಾರಿನಿಂದ ಅಳೆಯುವುದು ರೂಢಿ. ಪಡದೆ ಮಿಂಚಿತೇ, ಗೌಡ ಬಂದಾಗ ಕೆಂಪು ಲೈಟು ತಿರುಗಿತೇ, ಬಡಿದಾಟಕ್ಕೆ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಗುಡುಗಿತೇ, ಇಷ್ಟಾದರೆ ‘ಸೆಟ್ ಬೇಷ್ ಅದ’ ಅನ್ನುತ್ತಾರೆ. ಆದರೆ ಯಾವ ಅಂಗಡಿಯ ಸೆಟ್ಟಾದರೂ ಗದ್ದಲಕ್ಕೆ ಸಾಲುತ್ತದೆ. ಅದರ ನಿಜವಾದ ಯೋಗ್ಯತೆ ತಿಳಿಯುವುದು ನಾಯಕಿ ಒಬ್ಬಳೇ ಉಳಿದಾಗ. ತಾನು ಪ್ರೀತಿಸಿದವನಿಗೆ ‘ನನ್ನ ಕಣ್ಣಿಗಿ ಬೀಳಬ್ಯಾಡ, ಊರು ಬಿಟ್ಟು ಹೋಗು’ ಎಂದು ತಾನೇ ಹೇಳಿ, ಅವನು ಹೊಸ್ತಿಲು ದಾಟಿದ ಮೇಲೆ ಕದ ಹಾಕಿ, ಚಿಲಕದ ಮೇಲಿನ ಕೈ ತೆಗೆಯದೆ ನಿಲ್ಲುತ್ತಾಳಲ್ಲ, ಆ ದೃಶ್ಯದಲ್ಲಿ. ಅಣ್ಣನ ಸಾಲ, ಗೌಡನ ಬೆದರಿಕೆ, ತಂಗಿಯ ಪ್ರೀತಿ, ಈ ಮೂರು ಎಳೆ ಸೇರಿದ ಸಾಮಾಜಿಕ ನಾಟಕದಲ್ಲೆಲ್ಲ ಇದು ಬರುತ್ತದೆ. ಕಲಬುರಗಿಯ ಒಂದು ಅಂಗಡಿ ಒಂದು ರಾತ್ರಿಗೆ ಕೊಡುವ ಪೂರಾ ಸೆಟ್ಟನ್ನು ಏಳು ನಿಮಿಷದ ಈ ಒಂದು ದೃಶ್ಯ ಹಿಡಿದು ಪರೀಕ್ಷಿಸಿದ್ದೇವೆ.

ಮೊದಲು ದೃಶ್ಯ ಏನು ಬೇಡುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ಅದು ತಿಳಿಯದೆ ಸಾಮಾನಿನ ಯಾದಿ ಬರೆದರೆ ಹಣ ಹಾಳು. ನಾಯಕಿಗೆ ತನ್ನ ಮೇಲೆ ತನಗೇ ಬರುವ ಗುಮಾನಿ ಬರೀ ಅಳುವಲ್ಲ. ಮೊದಲ ಎರಡು ನಿಮಿಷ ಆಕೆ ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತಾಳೆ: ಇಲ್ಲಿದ್ದರೆ ಗೌಡ ಇವನನ್ನು ಉಳಿಸುತ್ತಿರಲಿಲ್ಲ, ನಾ ಮಾಡಿದ್ದೇ ಬರೋಬರಿ. ಆಮೇಲೆ ಆಡಿದ ಮಾತಿನ ಮೇಲೆ ಸಂಶಯ ಹುಟ್ಟುತ್ತದೆ: ಕಳಿಸುವುದು ಸರಿ, ಆದರೆ ‘ನಿನ್ನ ಮ್ಯಾಲ ಮನಸಿಲ್ಲ’ ಎಂಬ ಸುಳ್ಳು ಯಾಕೆ ಬೇಕಿತ್ತು? ಅವನು ಅದನ್ನು ಅಷ್ಟು ಬೇಗ ನಂಬಿದ್ದಾದರೂ ಹೇಗೆ? ಕೊನೆಯದು ಎಲ್ಲಕ್ಕಿಂತ ಆಳದ್ದು: ಅವನ ಜೀವ ಉಳಿಸಲಿಕ್ಕೆ ಕಳಿಸಿದೆನೋ, ನನ್ನ ಅಂಜಿಕೆಗೆ ಕಳಿಸಿದೆನೋ? ಈ ಮೂರನೆಯ ಪ್ರಶ್ನೆಗೆ ನಾಟಕದಲ್ಲಿ ಉತ್ತರ ಇರಬಾರದು. ಕದ ತೆಗೆದರೆ ಒಂದು ಉತ್ತರ, ತೆಗೆಯದಿದ್ದರೆ ಇನ್ನೊಂದು. ಚಿಲಕದ ಮೇಲೆ ಕೈ ಇಟ್ಟಷ್ಟು ಹೊತ್ತು ಎರಡೂ ಇಲ್ಲ. ಆ ನಡುವಿನ ಹೊತ್ತನ್ನು ಸಾವಿರ ಜನರ ಮುಂದೆ ಹಿಡಿದಿಡಲು ಬಾಗಿಲು, ಮೈಕು, ಲೈಟು, ಪೇಟಿ (ಹಾರ್ಮೋನಿಯಂ) ಮತ್ತು ಮಾತು ನೆನಪಿಸುವ ಪ್ರಾಂಪ್ಟರ್ ಒಂದೇ ಮನಸ್ಸಿನಿಂದ ಕೆಲಸ ಮಾಡಬೇಕು.

ಸೆಟ್ಟಿನಲ್ಲಿ ಸಿಗುವುದು ಇಷ್ಟು. 24 ಅಡಿ ಅಗಲ, 20 ಅಡಿ ಆಳದ ವೇದಿಕೆಗೆ ಪೈಪು ಮತ್ತು ಹಲಗೆ. ಮುಂದಿನ ಪಡದೆ, ಮೇಲಿನ ಝಾಲರ್, ಎರಡೂ ಬದಿಗೆ ಮೂರು ಮೂರು ವಿಂಗು (ಬದಿ ಪಡದೆ). ಬೀದಿ, ಮನೆ, ದರ್ಬಾರು, ಕಾಡು, ಜೈಲು ಎಂದು ಐದು ಬಣ್ಣದ ಪಡದೆ. 1000 ವ್ಯಾಟಿನ ಆರು ಹ್ಯಾಲೋಜನ್, ಎಂಟು ಎಲ್‌ಇಡಿ ಪಾರ್ ದೀಪ, ಬೆಳಕು ಏರಿಳಿಸುವ ಒಂದು ಡಿಮ್ಮರ್. ಮೂರು ತೂಗು ಮೈಕು, ಒಂದು ಸ್ಟ್ಯಾಂಡ್ ಮೈಕು, ಎಕೋ ಪೆಟ್ಟಿಗೆ. ಪೇಟಿ ಮಾಸ್ತರ, ತಬಲಾದವರು, ಪ್ಯಾಡಿನವರು, ಬಣ್ಣ ಹಚ್ಚುವವರು ಅಂಗಡಿಯ ಕಡೆಯಿಂದಲೇ ಬರುತ್ತಾರೆ. ನಾಯಕಿ ಪಾತ್ರದ ಕಲಾವಿದೆಯನ್ನೂ ಅವರೇ ಗೊತ್ತು ಮಾಡಿಕೊಡುತ್ತಾರೆ. ಜನರೇಟರ್ ಮತ್ತು ಡೀಸೆಲ್ ಬೇರೆ ಲೆಕ್ಕ, ಗಾಡಿ ಬಾಡಿಗೆ ಕಿಲೋಮೀಟರಿನ ಮೇಲೆ.

ಈ ಸೆಟ್ಟಿನಲ್ಲಿ ಎಲ್ಲಕ್ಕಿಂತ ಒಳ್ಳೆಯದು ಬಾಗಿಲು. ಹೆಚ್ಚಿನ ಕಡೆ ಮನೆಯ ಪಡದೆಯ ಮೇಲೆ ಬಾಗಿಲ ಚಿತ್ರ ಬರೆದಿರುತ್ತಾರೆ, ನಾಯಕ ವಿಂಗಿನಿಂದ ನುಸುಳಿ ಹೋಗುತ್ತಾನೆ, ನಾಯಕಿ ಗಾಳಿಯಲ್ಲಿ ಕದ ಹಾಕುತ್ತಾಳೆ. ಇಲ್ಲಿ 7 ಅಡಿ ಎತ್ತರ, 3 ಅಡಿ ಅಗಲದ ನಿಜವಾದ ಚೌಕಟ್ಟು ಬರುತ್ತದೆ. ಪ್ಲೈವುಡ್ ಕದ, ಕದ ತಿರುಗಲು ಮೂರು ಬಿಜಾಗರಿ, ಕಬ್ಬಿಣದ ಚಿಲಕ. ಚೌಕಟ್ಟಿಗೆ ಹಿಂದಿನಿಂದ ಆಸರೆಗೆ ಎರಡು ಓರೆ ಟೇಕಾ, ಟೇಕಾದ ಬುಡಕ್ಕೆ ಉಸುಕಿನ ಚೀಲ. ಚೀಲ ಒಂದೊಂದು ಬದಿಗೆ ಎರಡಾದರೂ ಇರಲಿ, ಒಂದೇ ಇಟ್ಟರೆ ಸಾಲದು. ನಾಯಕ ಸಿಟ್ಟಿನಿಂದ ಕದ ಎಳೆದಾಗ ಚೌಕಟ್ಟು ಅಲುಗಿದರೆ ಜನ ನಗುತ್ತಾರೆ, ಆ ನಗೆ ಮುಂದಿನ ಏಳು ನಿಮಿಷವನ್ನೂ ನುಂಗುತ್ತದೆ. ವೇದಿಕೆ ಗುಡಿಯ ಕಟ್ಟೆಯ ಮೇಲಿದ್ದರೆ ಇನ್ನಷ್ಟು ಎಚ್ಚರ ಬೇಕು. ನಮ್ಮ ಭಾಗದ ಕಟ್ಟೆಗಳಿಗೆ ಶಹಾಬಾದ್ ಫರಸಿ ಕಲ್ಲು ಹಾಸಿರುತ್ತದೆ. ಅದಕ್ಕೆ ಮೊಳೆ ಹೊಡೆಯಲು ಬರುವುದಿಲ್ಲ, ಟೇಕಾ ಜಾರುತ್ತದೆ. ಟೇಕಾದ ಕೆಳಗೆ ಹಸಿ ಗೋಣಿತಟ್ಟು ಹಾಸಿ ಮೇಲೆ ಚೀಲ ಇಡಬೇಕು. ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ವೇದಿಕೆ ಹಾಕಿದರೆ ತೊಂದರೆ ಬೇರೆಯದು. ಬ್ಯಾಸಗಿಯಲ್ಲಿ ಎರಿ ಬಿರುಕು ಬಿಡುತ್ತದೆ, ಪೈಪಿನ ಕಾಲು ಒಂದು ಬದಿ ಕುಸಿದರೆ ಚೌಕಟ್ಟು ಓರೆಯಾಗಿ ಚಿಲಕ ಕೂಡುವುದಿಲ್ಲ. ಪೈಪಿನ ಕಾಲಿಗೆಲ್ಲ ಹಲಗೆ ತುಂಡು ಕೊಡಿಸಿ.

ಬಾಗಿಲು ಎಲ್ಲಿ ನಿಲ್ಲಬೇಕು ಎಂಬುದರಲ್ಲಿ ಅಂಗಡಿಯವರ ರೂಢಿ ತಪ್ಪು. ಅವರು ಅದನ್ನು ಹಿಂದಿನ ಪಡದೆಯ ನಡುವೆ ನಿಲ್ಲಿಸುತ್ತಾರೆ. ನೋಡಲು ಚಂದ, ಆದರೆ ನಾಯಕಿ ಚಿಲಕ ಹಿಡಿದಾಗ ಜನರಿಗೆ ಕಾಣುವುದು ಆಕೆಯ ಬೆನ್ನು ಮತ್ತು ಜಡೆ. ಬಾಗಿಲನ್ನು ಎಡ ಅಥವಾ ಬಲ ಬದಿಗೆ, ಎರಡನೇ ವಿಂಗಿನ ಸಾಲಿಗೆ ತಂದು ಓರೆಯಾಗಿ ನಿಲ್ಲಿಸಿ. ಕದ ಹೊರಗೆ, ಅಂದರೆ ವಿಂಗಿನ ಕಡೆ ತೆರೆಯಬೇಕು. ಆಗ ನಾಯಕಿ ಚಿಲಕದ ಮೇಲೆ ಕೈ ಇಟ್ಟೇ ಮುಖವನ್ನು ಜನರತ್ತ ತಿರುಗಿಸಿ ನಿಲ್ಲಬಹುದು. ಕೈ ಕದದ ಮೇಲೆ, ಮುಖ ಮನೆಯ ಒಳಗೆ: ದೃಶ್ಯದ ಅರ್ಧ ಅಭಿನಯ ಈ ನಿಲುವಿನಲ್ಲೇ ಮುಗಿಯುತ್ತದೆ.

ಇನ್ನು ಮೈಕು. ಈ ಅಂಗಡಿ ಸೋಲುವುದು ಇಲ್ಲಿ, ಅದೂ ಕೆಟ್ಟದಾಗಿ ಸೋಲುತ್ತದೆ. ಮೂರು ತೂಗು ಮೈಕುಗಳನ್ನು ವೇದಿಕೆಯ ಮುಂದಿನ ಅಂಚಿಗೆ ಕಟ್ಟುತ್ತಾರೆ. ಕೆಳಗೆ ನಿಂತು ಅರಚುವ ಗೌಡನಿಗೆ ಅದು ಸಾಕು. ನಾಯಕಿ ತನ್ನಷ್ಟಕ್ಕೆ ತಾನು ಮಾತಾಡಬೇಕಾದವಳು. ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಮೈಕಿನಿಂದ ಎರಡೂವರೆ ಅಡಿಯಲ್ಲಿದ್ದ ಬಾಯಿ ಬಾಗಿಲ ಹತ್ತಿರ ಹೋಗಿ ಹತ್ತು ಅಡಿ ದೂರವಾದರೆ 12 ಡೆಸಿಬಲ್ ಹೋಯಿತು. ಅದನ್ನು ತುಂಬಿಕೊಳ್ಳಲು ಆಪರೇಟರ್ ಎಲ್ಲ ಮೈಕುಗಳನ್ನೂ ಏರಿಸುತ್ತಾನೆ. ಆಗ ಜನರೇಟರಿನ ಗುಂಯ್‌ಗುಡುವಿಕೆ, ಮಕ್ಕಳ ಅಳು, ಭಜಿ ಅಂಗಡಿಯ ಸ್ಟೋವು, ಎಲ್ಲ ಒಳಗೆ ಬರುತ್ತವೆ, ಕೊನೆಗೆ ಸ್ಪೀಕರಿನ ದನಿ ಮತ್ತೆ ಮೈಕಿಗೇ ಹೊಕ್ಕು ಸೀಟಿ ಹೊಡೆಯುತ್ತದೆ. ‘ನಾ ಅಂಜಿ ಕಳಿಸಿದ್ನಾ?’ ಎಂಬ ಮಾತಿನ ಮೇಲೆ ಸೀಟಿ ಬಿದ್ದರೆ ಆ ನಾಟಕ ಅಲ್ಲಿಗೇ ಮುಗಿಯಿತು.

ಪರಿಹಾರ ದುಬಾರಿಯದ್ದಲ್ಲ. ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದಷ್ಟೂ ಸೀಟಿಗೆ ಮುಂಚೆ ಸಿಗುವ ಏರಿಕೆ 3 ಡೆಸಿಬಲ್ ಕಡಿಮೆಯಾಗುತ್ತದೆ. ಅಂದರೆ ನಾಲ್ಕು ಮೈಕಿನ ಬದಲು ಒಂದನ್ನೇ ತೆರೆದರೆ 6 ಡೆಸಿಬಲ್ ಪುಕ್ಕಟೆ ಸಿಕ್ಕಂತೆ. ಸ್ಟ್ಯಾಂಡ್ ಮೈಕನ್ನು ಬಿಚ್ಚಿ, ಬಾಗಿಲ ಚೌಕಟ್ಟಿನ ಒಳ ಅಂಚಿಗೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಟ್ಟಿಸಿ, ಮೇಲೆ ತೋರಣದ ಎಲೆ ಇಳಿಬಿಡಿ. ಕದ ಬಡಿದ ಪೆಟ್ಟು ಮೈಕಿಗೆ ತಾಗದಂತೆ ನಡುವೆ ಫೋಮ್ ತುಂಡು ಇರಲಿ. ನಾಯಕ ಹೊರಗೆ ಹೋದ ಕೂಡಲೇ ಮುಂದಿನ ಮೂರೂ ಬಂದ್, ಬಾಗಿಲ ಮೈಕು ಮಾತ್ರ ಚಾಲೂ. ಆಕೆ ಒಬ್ಬಳೇ ಇರುವ ದೃಶ್ಯಕ್ಕೆ ಮೈಕೂ ಒಂದೇ ಸಾಕಲ್ಲವೇ? ಎಕೋ ಪೆಟ್ಟಿಗೆಯನ್ನು ಪೂರ್ತಿ ಬಂದ್ ಮಾಡಿಸಿ. ಎಕೋ ಇದ್ದರೆ ಸಣ್ಣ ಮಾತೆಲ್ಲ ಎರಡೆರಡು ಸಲ ಕೇಳಿ ದೇವವಾಣಿಯಂತಾಗುತ್ತದೆ, ಸಂಶಯದಲ್ಲಿ ಬಿದ್ದ ಹೆಣ್ಣಿನ ಮಾತಾಗಿ ಉಳಿಯುವುದಿಲ್ಲ. ಅಂಗಡಿಯ ಆಪರೇಟರ್ ಹೇಳಿದರೆ ಕೇಳುವವನೇ. ಆದರೆ ತಾನಾಗಿ ಮಾಡುವುದಿಲ್ಲ, ಸಂಜೆಯ ಟೆಸ್ಟಿಂಗಿಗೆ ‘ಹಲೋ ಹಲೋ’ ಅಂದು ಮುಗಿಸುತ್ತಾನೆ. ನಾಯಕಿಯ ಪಿಸುಮಾತಿನಲ್ಲೇ ಟೆಸ್ಟಿಂಗ್ ಆಗಬೇಕು, ಅದೂ ಜನರೇಟರ್ ಚಾಲೂ ಇಟ್ಟು.

ಜನರೇಟರ್ ಮಾತು ಬಂದಿದ್ದರಿಂದ ಇಲ್ಲೇ ಹೇಳುವುದು ಒಳ್ಳೆಯದು. ಆರು ಹ್ಯಾಲೋಜನ್ ಸೇರಿ 6000 ವ್ಯಾಟ್, 230 ವೋಲ್ಟಿಗೆ ಅದೇ ಸುಮಾರು 26 ಆಂಪಿಯರ್. ಗುಡಿಯ ಮೀಟರಿನಿಂದ ಎಳೆದರೆ ಫ್ಯೂಜು ಹಾರುವುದು ಖಂಡಿತ. 15 ಕೆವಿಎ ಶಕ್ತಿಯ ಜನರೇಟರ್ ಸಾಕು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ 20 ರಿಂದ 25 ಲೀಟರ್ ಡೀಸೆಲ್ ಹಿಡಿದುಕೊಳ್ಳಿ. ಅರ್ಥಿಂಗ್ ಸರಳು ನೆಟ್ಟ ಜಾಗಕ್ಕೆ ಉಪ್ಪು ನೀರು ಸುರಿಯಿರಿ, ಒಣ ಮಣ್ಣಿನಲ್ಲಿ ಅರ್ಥಿಂಗ್ ಇದ್ದೂ ಇಲ್ಲದಂತೆ. ಯಂತ್ರ ಜನರ ಹಿಂದೆ ಇರಲಿ, ವೇದಿಕೆಯ ಹಿಂದೆ ಬೇಡ.

ಲೈಟಿನವರಿಗೆ ದುಃಖ ಅಂದರೆ ನೀಲಿ. ನಾಯಕ ಹೊರಟ ಕೂಡಲೇ ಇಡೀ ವೇದಿಕೆ ನೀಲಿಯಾಗುತ್ತದೆ. ಈ ಒಂದು ರೂಢಿಯನ್ನು ಮುರಿದರೆ ದೃಶ್ಯವನ್ನು ಅರ್ಧ ಉಳಿಸಿಕೊಂಡಂತೆ. ನೀಲಿ ಬೆಳಕಿನಲ್ಲಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ: ಹಣೆಯ ಕುಂಕುಮ ಕಪ್ಪು, ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪು, ಮುಖ ಹೆಣದ ಬಣ್ಣ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಅವನು ಹೋದರೂ ಮನೆ ಹಾಗೇ ಇದೆ, ಒಲೆ ಉರಿಯುತ್ತಿದೆ, ಅವನು ಅರ್ಧ ಕುಡಿದಿಟ್ಟ ಚಹದ ಬಸಿ ಅಲ್ಲೇ ಇದೆ. ಏನೂ ಬದಲಾಗದ ಮನೆಯಲ್ಲಿ ನಿಂತು ಆಕೆ ‘ನಾ ಮಾಡಿದ್ದೇ ಬರೋಬರಿ’ ಅನ್ನಬೇಕು. ಆದ್ದರಿಂದ ಮೊದಲ ಎರಡು ನಿಮಿಷ ಬೆಳಕು ಮುಟ್ಟಬೇಡಿ. ಆಮೇಲೆ ಎಲ್‌ಇಡಿ ಮೊದಲು ಆರಿಸಿ, ಹ್ಯಾಲೋಜನ್‌ಗಳನ್ನು ಒಂದೂವರೆ ನಿಮಿಷದಲ್ಲಿ ನಿಧಾನವಾಗಿ ಅರ್ಧಕ್ಕಿಂತ ಕೆಳಗೆ ಇಳಿಸಿ. ಹ್ಯಾಲೋಜನ್ ಇಳಿದಂತೆ ತಾನಾಗಿ ಕೆಂಪಾಗುತ್ತದೆ, ಚಿಮಣಿ ಬೆಳಕಿನ ಬಣ್ಣ ಬರುತ್ತದೆ. ಅಗ್ಗದ ಎಲ್‌ಇಡಿ ಹಾಗೆ ಇಳಿಯುವುದಿಲ್ಲ, ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜಿಗಿದು ಪಟಕ್ಕನೆ ಆರುತ್ತದೆ. ಬಾಗಿಲ ಬದಿಯ ಒಂದೇ ದೀಪವನ್ನು ಪಕ್ಕದಿಂದ ಕೊಟ್ಟರೆ ಮುಖದ ಒಂದು ಭಾಗ ಬೆಳಕು, ಇನ್ನೊಂದು ನೆರಳು. ಈ ಅಂಗಡಿಯ ಡಿಮ್ಮರ್ ಹಳೆಯದಾದರೂ ಗಟ್ಟಿ, ನಡುವೆ ಎಲ್ಲೂ ಮಿಣುಕುವುದಿಲ್ಲ. ಲೈಟಿನವರಿಗೆ ಕೈಯಲ್ಲಿ ಬರೆದ ಯಾದಿ ಕೊಡಿ, ಬಾಯಿಮಾತು ರಾತ್ರಿ ಎರಡು ಗಂಟೆಗೆ ನೆನಪಿರುವುದಿಲ್ಲ.

ಪೇಟಿ ಮಾಸ್ತರ ಬಹಳ ಒಳ್ಳೆಯವರು, ಬೇಕಾದ ರಾಗ ಬೆರಳ ತುದಿಯಲ್ಲಿದೆ. ಕದ ಹಾಕಿದ ಸದ್ದಿಗೆ ಪ್ಯಾಡಿನವರು ‘ಢಂ’ ಎಂದು ಹೊಡೆಯುವುದನ್ನು ಮಾತ್ರ ತಡೆಯಿರಿ. ಚಿಲಕದ ಸದ್ದಿನ ಮೇಲೆ ಬೇರೆ ಸದ್ದು ಬೀಳಬಾರದು. ಅದಾದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಪೂರಾ ಮೌನ. ಹಾಡು ನಾಲ್ಕನೇ ನಿಮಿಷಕ್ಕಿಂತ ಮೊದಲು ಬೇಡ. ಜೋಗಿಯಾ ರಾಗದಲ್ಲಿ ಎರಡು ನುಡಿ ಸಾಕು, ಭೈರವಿ ಹಿಡಿದರೆ ನಾಟಕ ಮುಗಿಯಿತು ಎಂದು ಜನ ಚಾಪೆ ಸುತ್ತಲು ಶುರುಮಾಡುತ್ತಾರೆ. ಸ್ವರದ ವಿಷಯವನ್ನು ಸಂಜೆಯೇ ತೀರ್ಮಾನಿಸಿ. ಗಂಡು ಪಾತ್ರಗಳಿಗೆ ಪೇಟಿಯ ಕರಿ ಮನೆಗಳಲ್ಲಿ, ಅಂದರೆ ಕಾಳಿ ಒಂದರಲ್ಲೋ ಎರಡರಲ್ಲೋ ನುಡಿಸುತ್ತ ಬಂದ ಮಾಸ್ತರ ಅದೇ ಸ್ವರದಲ್ಲಿ ಮುಂದುವರಿದರೆ, ಕಾಳಿ ನಾಲ್ಕರಲ್ಲಿ ಹಾಡುವ ಕಲಾವಿದೆಗೆ ಕೆಳಗಿನ ಸ್ವರ ಸಿಗುವುದಿಲ್ಲ. ಈ ದೃಶ್ಯದ ಹಾಡು ಕೆಳಗಿನ ಸ್ವರದಲ್ಲೇ ಬದುಕುವುದು.

ಪ್ರಾಂಪ್ಟರ್ ವಿಷಯವನ್ನು ಯಾರೂ ಬುಕಿಂಗ್ ಹೊತ್ತಿಗೆ ಕೇಳುವುದಿಲ್ಲ, ಕೇಳಲೇಬೇಕು. ಕಲಾವಿದೆಯರು ಅಂದೇ ಸಂಜೆ ಬಂದು ಒಂದು ತಾಲೀಮು ಮಾಡಿ ಬಣ್ಣ ಹಚ್ಚಿಕೊಳ್ಳುತ್ತಾರೆ. ಊರೂರು ತಿರುಗಿ ಇಂಥ ಎಷ್ಟೋ ಪಾರ್ಟು ಬಾಯಿಪಾಠ ಮಾಡಿದ ಅವರ ಕಸುಬು ದೊಡ್ಡದು. ಆದರೂ ವಿಂಗಿನಲ್ಲಿ ಪುಸ್ತಕ ಹಿಡಿದವರ ಆಸರೆ ಬೇಕೇ ಬೇಕು. ತೊಡಕು ಏನೆಂದರೆ, ಸಂಶಯದ ದೃಶ್ಯ ನಿಂತಿರುವುದೇ ಮಾತು ನಿಂತ ಜಾಗಗಳಲ್ಲಿ. ‘ಹೋಗಂದೆ... ಹೋದ... ಒಂದು ಸಲರ ತಿರುಗಿ ನೋಡಬಾರದಿತ್ತಾ?’ ಎಂಬಲ್ಲಿ ಆಕೆ ನಿಂತ ಕೂಡಲೇ ಪ್ರಾಂಪ್ಟರಿಗೆ ಮಾತು ಮರೆತಳು ಅನಿಸುತ್ತದೆ. ಅವರು ಮುಂದಿನ ಸಾಲು ಗಟ್ಟಿಯಾಗಿ ಕೂಗುತ್ತಾರೆ, ಬಾಗಿಲ ಮೈಕು ಅದನ್ನೂ ಹಿಡಿಯುತ್ತದೆ. ಪುಸ್ತಕದಲ್ಲಿ ಪ್ರತಿ ನಿಲುಗಡೆಗೂ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಎಷ್ಟು ಎಣಿಕೆ ಎಂದು ಬರೆಯಿರಿ. ನಿಜವಾಗಿ ಮರೆತರೆ ಕಲಾವಿದೆ ಎಡಗೈ ಬಳೆ ಮುಟ್ಟಲಿ, ಬಳೆ ಮುಟ್ಟದ ಹೊರತು ಪ್ರಾಂಪ್ಟರ್ ಬಾಯಿ ತೆರೆಯಕೂಡದು. ಪಾರ್ಟಿನ ಹಾಳೆಯನ್ನು ಎಂಟು ದಿನ ಮೊದಲೇ ಅಂಗಡಿಗೆ ಕಳಿಸಿದರೆ ಅವರು ಕಲಾವಿದೆಗೆ ಮುಟ್ಟಿಸುತ್ತಾರೆ. ಇದರಲ್ಲಿ ಅಂಗಡಿಯವರ ವ್ಯವಹಾರ ಚೊಕ್ಕ.

ಹಾಳೆ ಕಳಿಸುವ ಮೊದಲು ಈ ದೃಶ್ಯದ ಭಾಷೆಯನ್ನೂ ಒಮ್ಮೆ ಓದಿ ನೋಡಿ. ಅಚ್ಚಾದ ನಾಟಕಗಳಲ್ಲಿ ನಾಯಕಿ ಅಲ್ಲಿಯವರೆಗೆ ಮನೆಮಾತು ಆಡಿ, ಒಬ್ಬಳೇ ಆದ ಕೂಡಲೇ ‘ಓ ವಿಧಿಯೇ, ನನ್ನ ಹೃದಯ ಸಾಗರದಲ್ಲಿ’ ಎಂದು ಶುರುಮಾಡುತ್ತಾಳೆ. ತನ್ನ ಮೇಲೆ ತನಗೇ ಗುಮಾನಿ ಬಂದ ಹೆಣ್ಣು ವಿಧಿಯನ್ನು ಕರೆಯುವುದಿಲ್ಲ, ಎದುರಿಗಿರುವ ಬಸಿಯ ಜೊತೆ ಮಾತಾಡುತ್ತಾಳೆ. ‘ಅರ್ಧ ಚಾ ಬಿಟ್ಟು ಹೋಗ್ಯಾನ. ನಾ ಕುಡಿದು ಹೋಗು ಅನ್ನಲಿಲ್ಲ. ಅಷ್ಟರ ಅನ್ನಬೇಕಿತ್ತು’ ಎಂದರೆ ಸಾಕು, ಹೆಣ್ಣುಮಕ್ಕಳ ಸಾಲು ತಣ್ಣಗಾಗುತ್ತದೆ. ಬಸಿಯನ್ನು ತೊಳೆಯಲು ಎತ್ತಿಕೊಂಡು, ತೊಳೆಯದೆ ಮತ್ತೆ ಅಲ್ಲೇ ಇಡುವ ಒಂದು ಕೆಲಸ ಮೂರು ಸಾಲು ಡೈಲಾಗಿಗೆ ಸಮ.

ಬಣ್ಣದ ಬಗ್ಗೆ. ಹಿಂದೆ ಕೆಂಪಿಗೆ ಇಂಗಳೀಕ, ಹಳದಿಗೆ ಅರದಾಳ ತೇಯ್ದು ಹಚ್ಚುತ್ತಿದ್ದರು. ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಪಾಷಾಣ. ಈ ಅಂಗಡಿಯ ಪೆಟ್ಟಿಗೆಯಲ್ಲಿ ಅವು ಇಲ್ಲ, ಪ್ಯಾನ್‌ಕೇಕ್ ಮತ್ತು ಪೌಡರ್ ಇವೆ, ಸ್ಪಂಜು ಮಾತ್ರ ಒಬ್ಬೊಬ್ಬರಿಗೆ ಬೇರೆ ಇಲ್ಲ. ಸ್ಪಂಜು ನೀವೇ ಒಯ್ಯಿರಿ. ಯುಗಾದಿ ದಾಟಿದ ಮೇಲೆ ಕಲಬುರಗಿಯ ಹಗಲು 40 ಡಿಗ್ರಿ ಮೀರುತ್ತದೆ, ರಾತ್ರಿ ಹತ್ತಕ್ಕೂ ವೇದಿಕೆಯ ಹಲಗೆ ಬಿಸಿ ಇರುತ್ತದೆ. ಪ್ಯಾನ್‌ಕೇಕ್ ದಪ್ಪ ಹಚ್ಚಿದರೆ ಬೆವರಿಗೆ ಒಡೆದು ಗೆರೆ ಬೀಳುತ್ತದೆ. ತೆಳ್ಳಗೆ ಎರಡು ಸಲ, ನಡುವೆ ಪೌಡರ್, ಬೆವರನ್ನು ಒರೆಸದೆ ಮೆಲ್ಲಗೆ ಒತ್ತಬೇಕು. ಕಣ್ಣೀರಿಗಾಗಿ ಕಣ್ಣೊಳಗೆ ಗ್ಲಿಸರಿನ್ ಬಿಡುವ, ನೋವಿನ ಮುಲಾಮು ಸವರುವ ಅಭ್ಯಾಸ ಇನ್ನೂ ಇದೆ, ದಯಮಾಡಿ ಬಿಡಿ. ಕಣ್ಣು ಉರಿದರೆ ಆಕೆಗೆ ಬಾಗಿಲೇ ಕಾಣುವುದಿಲ್ಲ. ಗ್ಲಿಸರಿನ್ ಹನಿ ಕೆನ್ನೆಯ ಮೇಲೆ ಇಟ್ಟರೂ ಪಕ್ಕದ ದೀಪಕ್ಕೆ ಹೊಳೆಯುತ್ತದೆ. ನಮ್ಮ ಮಾತು ಕೇಳುವುದಾದರೆ ಈ ದೃಶ್ಯಕ್ಕೆ ಕಣ್ಣೀರೇ ಬೇಡ. ಅತ್ತುಬಿಟ್ಟರೆ ಆಕೆ ತೀರ್ಪು ಕೊಟ್ಟುಕೊಂಡಂತೆ.

ಸೀರೆಗಳು ಸಾಧಾರಣ, ಜರತಾರಿ ಹೆಚ್ಚು. ಬಡವರ ಮನೆಯ ತಂಗಿಗೆ ಊರಿನವರ ಮನೆಯಿಂದಲೇ ಒಂದು ಹಳೆಯ ಇಳಕಲ್ ಸೀರೆ ತರಿಸಿ.

ಬಣ್ಣದ ಕೋಣೆಗೆ ವೇದಿಕೆಯ ಹಿಂದೆ ತಾಡಪತ್ರಿ ಕಟ್ಟಿಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಬೇರೆ ಭಾಗ ಮಾಡಿ ಎಂದು ಬುಕಿಂಗಿನಲ್ಲೇ ಬರೆಸಬೇಕು, ಇಲ್ಲದಿದ್ದರೆ ಒಂದೇ ತಾಡಪತ್ರಿಯಲ್ಲಿ ಎಲ್ಲರೂ. ಹತ್ತಿರದ ಮನೆಯೊಂದರಲ್ಲಿ ಕಲಾವಿದೆಗೆ ಕೋಣೆ, ನೀರು, ಶೌಚದ ಅನುಕೂಲ ಮಾಡುವುದು ಊರಿನವರ ಜವಾಬ್ದಾರಿ. ಅಂಗಡಿಯವರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸರಿಯಲ್ಲ.

ಒಂದು ವಿಷಯದಲ್ಲಿ ಅಂಗಡಿಯದು ಏನೂ ತಪ್ಪಿಲ್ಲ, ಎಲ್ಲ ನಮ್ಮ ಊರುಗಳದ್ದೇ: ಆಯಾರ. ದೃಶ್ಯದ ನಡುವೆ ನಾಟಕ ನಿಲ್ಲಿಸಿ, ಶಾಲು ಹೊದಿಸಿ, ನೋಟು ಕೊಟ್ಟು ಹೆಸರು ಕೂಗಿಸುವುದು. ಅಭಿಮಾನದಿಂದ ಕೊಡುವುದು, ಬೇಡ ಅನ್ನಲಾಗದು. ಆದರೆ ಚಿಲಕ ಬಿದ್ದ ಮೇಲೆ ಹಾಡು ಮುಗಿಯುವವರೆಗೆ ಯಾರನ್ನೂ ವೇದಿಕೆಗೆ ಬಿಡುವುದಿಲ್ಲ ಎಂದು ಜಾತ್ರಾ ಕಮಿಟಿಯ ಹಿರಿಯರ ಬಾಯಿಂದ ಮೊದಲೇ ಹೇಳಿಸಿ, ಅನೌನ್ಸ್‌ಮೆಂಟ್ ಮೈಕನ್ನು ಬಂದ್ ಇಡಿಸಿ. ಇಡೀ ರಾತ್ರಿಯಲ್ಲಿ ಏಳು ನಿಮಿಷ ಕೇಳುತ್ತಿದ್ದೇವೆ, ಅಷ್ಟೇ.

ಒಟ್ಟಿನಲ್ಲಿ ಬಾಗಿಲು, ಡಿಮ್ಮರ್, ಪೇಟಿ ಮಾಸ್ತರ, ಈ ಮೂರಕ್ಕಾಗಿ ಈ ಸೆಟ್ ತರಿಸಬಹುದು. ಮೈಕಿನ ಕೆಲಸವನ್ನು ನೀವೇ ಎದುರು ನಿಂತು ಮಾಡಿಸಬೇಕು. ಶರಣಬಸವೇಶ್ವರ ಜಾತ್ರೆಯ ಆಸುಪಾಸಿನ ದಿನಗಳಿಗೆ ಬಹಳ ಮುಂಚೆಯೇ ಮುಂಗಡ ಕೊಡಿ. ರಸೀದಿಯಲ್ಲಿ ‘ಬಾಗಿಲ ಚೌಕಟ್ಟು, ಚಿಲಕ ಸಹಿತ’ ಎಂದು ಬರೆಸಿಕೊಳ್ಳಿ, ಬರೆಸದಿದ್ದರೆ ಬಾಗಿಲು ಬರೆದ ಪಡದೆ ಬರುತ್ತದೆ. ಸಾಮಾನು ಇಳಿಸುವ ಹುಡುಗರು ಒಳ್ಳೆಯ ಮನಸ್ಸಿನಿಂದ ಬಿಜಾಗರಿಗೂ ಚಿಲಕಕ್ಕೂ ಎಣ್ಣೆ ಬಿಡುತ್ತಾರೆ. ಬಿಜಾಗರಿಗೆ ಬಿಡಲಿ. ಚಿಲಕಕ್ಕೆ ಬೇಡ ಎಂದು ಹೇಳಿ, ಅದು ಕೂಡುವ ಸದ್ದು ಹಿಂದಿನ ಸಾಲಿನವರೆಗೆ ಕೇಳಬೇಕು.